ಉಣ್ಣೆಯ ಓಲೆ

ನಮ್ಮ ಅವ್ವನ ಕಿವಿಯಲ್ಲಿ ಎರಡು ವರ್ಷ ಬೇವಿನ ಕಡ್ಡಿ ಇತ್ತು. ಕೊಳವೆಬಾವಿ ಕೊರೆಸುವುದಕ್ಕೆಂದು ಬೆಂಡೋಲೆಯನ್ನು ಒತ್ತೆ ಇಟ್ಟ ದಿನ, ಕಿವಿಯ ತೂತು ಮುಚ್ಚಿಹೋಗಬಾರದೆಂದು ಅವಳೇ ಹಿತ್ತಿಲ ಮರದಿಂದ ಕಡ್ಡಿ ಮುರಿದು ಸಿಕ್ಕಿಸಿಕೊಂಡಳು. ಬಾವಿಯಲ್ಲಿ ನೀರು ಬರಲಿಲ್ಲ. ಬಡ್ಡಿ ಬೆಳೆಯಿತು, ಗಡುವು ಮೀರಿತು, ಓಲೆ ಹರಾಜಿಗೆ ಹೋಯಿತು. ಕಡ್ಡಿ ಮಾತ್ರ ಉಳಿಯಿತು. ಬಂಧುಗಳ ಮನೆಯಿಂದ ಮದುವೆಯ ಕರೆ ಬಂದರೆ ಸಾಕು, ಅವ್ವನಿಗೆ ಸರಿಯಾಗಿ ಆ ದಿನವೇ ತಲೆನೋವು ಬರುತ್ತಿತ್ತು.

ಆ ಕಡ್ಡಿಯ ಜಾಗಕ್ಕೆ ಮುಂದೆ ಏನು ಬಂತು ಎಂಬುದನ್ನು ಹೇಳಲು ಹೊರಟಿದ್ದೇನೆ. ಆದರೆ ನಮ್ಮ ಮನೆಯ ಕಷ್ಟವನ್ನು ವಾಚಕರ ಮುಂದೆ ತೋಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಚಿನ್ನ ಬೆಳ್ಳಿಗಳಲ್ಲದ ವಸ್ತುಗಳಿಂದ, ಅದರಲ್ಲೂ ಕುರಿಯ ಉಣ್ಣೆಯಿಂದ, ಕೈಯಲ್ಲೇ ಒಡವೆ ಮಾಡುವ ಬಗೆಯನ್ನು ನನಗೆ ತಿಳಿದಷ್ಟು ವಿವರಿಸಬೇಕೆಂದಿದ್ದೇನೆ.

ಉಣ್ಣೆಯ ಒಡವೆಯೇ ಎಂದು ನಗಬೇಡಿರಿ. ನಾವು ದಿನವೂ ಬಳಸುವ 'ಓಲೆ' ಎಂಬ ಮಾತನ್ನೇ ನೋಡಿ. ಅದಕ್ಕೆ ಮೊದಲ ಅರ್ಥ ತಾಳೆಯ ಗರಿ. ಗರಿಯ ಮೇಲೆ ಬರೆದದ್ದರಿಂದ ಕಾಗದವೂ ಓಲೆಯಾಯಿತು. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಟ್ಟದ್ದರಿಂದ ಕಿವಿಯ ಒಡವೆಯೂ ಓಲೆಯಾಯಿತು. ಚಿನ್ನ ಬಂದದ್ದು ಆಮೇಲೆ. ಹೆಸರು ಮಾತ್ರ ಎಲೆಯದೇ ಉಳಿಯಿತು. ಬೆಂಡೋಲೆಯಲ್ಲಿ 'ಬೆಂಡು' ಎಂಬ ಮಾತು ಕಿವಿಗೆ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಬೆಂಡೆಂದರೆ ಗಿಡದ ದಂಟಿನ ಒಳಗಿನ ಹಗುರವಾದ ತಿರುಳು. ಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಣಗಿದ ದಂಟಿನ ಸಿಪ್ಪೆ ಸುಲಿದು, ಬೆಂಡಿನ ತುಂಡುಗಳಿಗೆ ಸಿಪ್ಪೆಯ ಕಡ್ಡಿ ಚುಚ್ಚಿ, ಬಂಡಿ, ಕನ್ನಡಕ, ಸರ, ಜುಮುಕಿಗಳನ್ನು ಮಾಡಿಕೊಂಡೇ ನಾವು ದೊಡ್ಡವರಾದೆವು. ಮಲೆನಾಡಿನ ಸಾಗರ, ಸೊರಬ, ಸಿದ್ದಾಪುರದ ಕಡೆ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ನೀರಿನಲ್ಲಿ ಬೆಳೆಯುವ ಗಿಡದ ಬಿಳಿಯ ಬೆಂಡಿನಿಂದ ಬಾಸಿಂಗ ಮಾಡುತ್ತಾರೆ. ಮದುವೆಯ ದಿನ ಹಣೆಗೆ ಕಟ್ಟುವ ಬಾಸಿಂಗಕ್ಕಿಂತ ಮಂಗಳಕರವಾದ ಒಡವೆ ಯಾವುದು? ಆದರೂ ಅದನ್ನು ತಕ್ಕಡಿಗೆ ಹಾಕಿ ಯಾರೂ ತೂಗುವುದಿಲ್ಲ.

ತೂಕದ ಮಾತು ಬಂದದ್ದರಿಂದ ಗುಲಗಂಜಿಯ ವಿಚಾರ. ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುತ್ತಿದ್ದ ಈ ಕೆಂಪು ಕಪ್ಪು ಬೀಜ ಒಂದೊಂದೂ ಸುಮಾರು 0.12 ಗ್ರಾಂ ತೂಗುತ್ತದೆ. ನೋಡಲು ಹವಳವನ್ನು ನಾಚಿಸುವಂತಿದೆ. ಆದರೆ ಇದರಿಂದ ಸರ ಮಾಡಬೇಡಿರೆಂದು ಗೆಳತಿಯರಿಗೆ ಹೇಳುತ್ತೇನೆ. ಬೀಜದ ಒಳಗೆ ಅಬ್ರಿನ್ ಎಂಬ ಘೋರವಾದ ವಿಷವಿದೆ. ಗಟ್ಟಿ ಸಿಪ್ಪೆ ಇರುವವರೆಗೆ ಅದು ಒಳಗೇ ಇರುತ್ತದೆ. ದಾರ ಪೋಣಿಸಲು ತೂತು ಕೊರೆದೊಡನೆ ಆ ಕಾವಲು ಹೋಯಿತು. 2011ರಲ್ಲಿ ಇಂಗ್ಲೆಂಡಿನಲ್ಲಿ ಈ ಬೀಜದ ಕೈಸರಗಳನ್ನು, ಮಾರಿದ ಮೇಲೆ, ಕೊಂಡವರಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಸಿಕ್ಕಿದ್ದನ್ನೆಲ್ಲ ಒಡವೆ ಮಾಡಬಹುದೆಂಬ ಉತ್ಸಾಹಕ್ಕೆ ಇಷ್ಟು ಎಚ್ಚರವೂ ಬೇಕು.

ಕವಡೆಗೆ ಅಂಥ ಭಯವಿಲ್ಲ. ಮಾಲ್ದೀವ್ ದ್ವೀಪಗಳ ಕಡಲಿನಿಂದ ಹಡಗೇರಿ ಬಂದು ಬಂಗಾಳದಲ್ಲಿ ಹಣವಾಗಿ ನಡೆದ ಪದಾರ್ಥ ಅದು. ನಾವು ಇಂದಿಗೂ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂದು ಬೈಯುವುದುಂಟು. ಆ ಕಿಮ್ಮತ್ತಿಲ್ಲದ ಕವಡೆಗೆ ಮರ್ಯಾದೆ ಕೊಟ್ಟವರು ಲಂಬಾಣಿ ಹೆಂಗಸರು. ಕವಡೆ, ಕನ್ನಡಿಯ ಚೂರು, ಚಲಾವಣೆ ತಪ್ಪಿದ ನಾಣ್ಯ, ಉಣ್ಣೆಯ ಕುಚ್ಚು, ಹಿತ್ತಾಳೆಯ ಗುಂಡಿ ಎಲ್ಲವನ್ನೂ ಅವರು ಬಟ್ಟೆಗೆ ಹೊಲಿಯುತ್ತಾರೆ. ಎಲ್ಲಿಗೆ ಉಡುಪು ಮುಗಿದು ಎಲ್ಲಿಂದ ಒಡವೆ ಆರಂಭವಾಯಿತೆಂದು ಹೇಳುವುದು ಕಷ್ಟ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ನಮ್ಮ ಊರಿನ ಸಂತೆಗೆ ಬರುವ ತಾಂಡಾದ ಮುದುಕಿಯೊಬ್ಬಳ ತೋಳನ್ನು ನಾನು ಚಿಕ್ಕಂದಿನಲ್ಲಿ ಬಿಟ್ಟಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ನಮ್ಮ ಕಡೆಯವರು ಅದನ್ನು ಒಡವೆಯೆಂದು ಎಣಿಸುತ್ತಿರಲಿಲ್ಲ ಎಂಬುದೂ ನಿಜ.

ಚಿನ್ನವನ್ನು ಬಿಟ್ಟುಕೊಟ್ಟು ಬೇರೆಯದನ್ನು ಧರಿಸುವುದು ಅವಮಾನವೇ? 1813ರಲ್ಲಿ ನೆಪೋಲಿಯನ್ನನ ವಿರುದ್ಧ ಯುದ್ಧಕ್ಕೆ ಹಣ ಬೇಕಾದಾಗ ಪ್ರಷ್ಯಾ ದೇಶದ ಹೆಂಗಸರು ತಮ್ಮ ಚಿನ್ನವನ್ನು ಕೊಟ್ಟು, ಬದಲಿಗೆ ಕಬ್ಬಿಣದ ಒಡವೆಗಳನ್ನು ಪಡೆದು ಹೆಮ್ಮೆಯಿಂದ ಧರಿಸಿದರು. ಆ ಕಾಲಕ್ಕೆ ಕೊರಳಲ್ಲಿ ಚಿನ್ನವಿದ್ದವಳೇ ನಾಚಬೇಕಾಗಿತ್ತು. ನಮ್ಮಲ್ಲಿ 1963ರ ಜನವರಿಯಲ್ಲಿ ಸರ್ಕಾರ ಚಿನ್ನದ ನಿಯಂತ್ರಣದ ನಿಯಮಗಳನ್ನು ತಂದು, 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆಗಳನ್ನು ಮಾಡಬಾರದೆಂದಿತು. ಜನರ ಆಸೆ ಅದರಿಂದ ಕಡಮೆಯಾಗಲಿಲ್ಲ. ಕೆಲಸ ಕಳೆದುಕೊಂಡವರು ಅಕ್ಕಸಾಲಿಗರು. 1968ರಲ್ಲಿ ಕಾಯಿದೆಯಾದ ಆ ನಿಯಂತ್ರಣ 1990ರಲ್ಲಿ ರದ್ದಾಯಿತು. ಓಟೋ ಕ್ಯೂನ್ಸ್ಲಿ ಎಂಬ ಸ್ವಿಸ್ ಕಲಾವಿದ 1980ರಲ್ಲಿ ಕಪ್ಪು ರಬ್ಬರಿನ ಬಳೆಯೊಂದನ್ನು ಮಾಡಿದ. ಅದರೊಳಗೆ ಚಿನ್ನದ ಗುಂಡೊಂದು ಅಡಗಿದೆ. ಹೊರಗೆ ಕಾಣುವುದು ರಬ್ಬರಿನ ಉಬ್ಬು ಮಾತ್ರ. 'ಚಿನ್ನ ಕುರುಡಾಗಿಸುತ್ತದೆ' ಎಂದು ಅದಕ್ಕೆ ಹೆಸರು. ಚಿನ್ನ ಇದೆಯೋ ಇಲ್ಲವೋ ನೋಡಬೇಕೆಂದರೆ ಬಳೆಯನ್ನು ಕತ್ತರಿಸಬೇಕು. ನಮ್ಮ ಅವ್ವನಿಗೆ ಇದನ್ನು ಹೇಳಿದಾಗ, "ಅಂಥವನ ಕೈಗೆ ಚಿನ್ನ ಕೊಟ್ಟವರು ಯಾರು?" ಎಂದಳು.

ಇನ್ನು ಉಣ್ಣೆಗೆ ಬರುತ್ತೇನೆ. ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿ. ಅಜ್ಜ ಕಂಬಳಿ ನೇಯ್ದವರು. ಹುಣಸೆ ಬೀಜದ ಗಂಜಿ ಹಚ್ಚಿ ಹಾಸನ್ನು ಬಿಗಿ ಮಾಡಿ, ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ ಕಾಲವನ್ನು ಅವರು ಇಂದಿಗೂ ಹೇಳುತ್ತಾರೆ. ಈಗ ಮಗ್ಗ ನಿಂತಿದೆ. ಮಾಂಸಕ್ಕೆ ಬೇಡಿಕೆ ಹೆಚ್ಚಾದಂತೆ ಉಣ್ಣೆಯಿಲ್ಲದ ನೆಲ್ಲೂರು ತಳಿಯ ಟಗರುಗಳು ಬಂದು, ದಖನಿ ಕುರಿಗಳ ಕರಿಯ ಹಿಂಡುಗಳು ಕರಗುತ್ತಿವೆ. ಇರುವ ಕುರಿಗಳಿಗೂ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಲೇಬೇಕು. ಕತ್ತರಿಸಿದ ಕೂಲಿಯೂ ಉಣ್ಣೆಯಿಂದ ಹುಟ್ಟುವುದಿಲ್ಲ. ಹೋದ ಸಲ ಬಂದ ವ್ಯಾಪಾರಿ ಚೀಲದೊಳಗೆ ಕೈ ಹಾಕಿಯೂ ನೋಡಲಿಲ್ಲ. ಅಜ್ಜ ಆ ಮೂರು ಚೀಲಗಳನ್ನು ಗೊಬ್ಬರದ ಗುಂಡಿಗೆ ಎಳೆದುಕೊಂಡು ಹೋದದ್ದನ್ನು ನಾನು ಕಂಡೆ. ಒಂದು ಚೀಲವನ್ನು ತಡೆದು ಇಟ್ಟುಕೊಂಡೆ, ಏತಕ್ಕೆಂದು ನನಗೂ ತಿಳಿದಿರಲಿಲ್ಲ.

ಫೆಲ್ಟ್ ಎಂಬುದನ್ನು ನಾನು ಮೊದಲು ಕಂಡದ್ದು ಭಜನೆ ಮನೆಯ ಹಾರ್ಮೋನಿಯಂ ಬಿಚ್ಚಿದಾಗ. ಮಣೆಗಳ ಕೆಳಗೆ, ಸದ್ದಾಗದಿರಲೆಂದು, ಕೆಂಪು ಬಟ್ಟೆಯ ಪಟ್ಟಿ ಅಂಟಿಸಿದ್ದರು. ಎಳೆಯೇ ಇಲ್ಲದ ಬಟ್ಟೆ! ಉದ್ದದ ನೂಲಿಲ್ಲ, ಅಡ್ಡದ ನೂಲಿಲ್ಲ, ಕತ್ತರಿಸಿದರೆ ಅಂಚು ಬಿಡುವುದಿಲ್ಲ. ಪಿಯಾನೋದ ಸುತ್ತಿಗೆಗೂ ಟೆನ್ನಿಸ್ ಚೆಂಡಿಗೂ ಇದೇ ಹೊದಿಕೆ. ನೂಲದೆ, ನೇಯದೆ, ಹೊಲಿಯದೆ ಉಣ್ಣೆ ತಾನಾಗಿ ಹೀಗೆ ಬಟ್ಟೆಯಾಗುವುದು ಹೇಗೆ?

ಉಣ್ಣೆಯ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಅದರ ಮೈಮೇಲೆಲ್ಲ ಚಿಪ್ಪುಗಳು ಕಾಣುತ್ತವೆ. ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು, ಎಲ್ಲವೂ ಕೂದಲಿನ ತುದಿಯ ಕಡೆ ಮುಖ ಮಾಡಿರುತ್ತವೆ. ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ಒರಟು. ಬಿಸಿನೀರು ಸೋಕಿದಾಗ ಕೂದಲು ಉಬ್ಬಿ ಚಿಪ್ಪುಗಳ ಅಂಚು ಮೇಲೇಳುತ್ತದೆ. ಸೋಪು ಜಾರಿಸುತ್ತದೆ. ಈಗ ಕೈಯಿಂದ ಉಜ್ಜಿದರೆ ಒಂದೊಂದು ಕೂದಲೂ ಬುಡವನ್ನು ಮುಂದು ಮಾಡಿಕೊಂಡು ಚಲಿಸುತ್ತದೆ. ಹಿಂದಕ್ಕೆ ಬರಲು ಚಿಪ್ಪುಗಳು ಬಿಡುವುದಿಲ್ಲ. ಹುಡುಗರು ಗೋಧಿ ತೆನೆಯ ಬುಡವನ್ನು ಮೇಲೆ ಮಾಡಿ ಅಂಗಿಯ ತೋಳಿನೊಳಗೆ ಇಟ್ಟುಕೊಳ್ಳುತ್ತಾರಲ್ಲ, ಕೈ ಆಡಿಸಿದಷ್ಟೂ ಅದು ಹೆಗಲಿನ ಕಡೆಗೇ ಏರುತ್ತದೆ, ಇಳಿಯುವುದಿಲ್ಲ. ಫೆಲ್ಟಿನ ಗುಟ್ಟೆಲ್ಲ ಇಷ್ಟೆ. ಸಾವಿರಾರು ಕೂದಲು ಹೀಗೆ ಒಂದರೊಳಗೊಂದು ನುಗ್ಗಿ, ಹಿಂದೆ ಬರಲಾರದೆ, ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಒಮ್ಮೆ ಆದ ಫೆಲ್ಟನ್ನು ಮತ್ತೆ ಉಣ್ಣೆ ಮಾಡಲಾಗದು. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದು ಕೂಸಿನ ಅಂಗಿಯಷ್ಟು ಮಾಡಿಕೊಂಡವರು ಈ ವಿದ್ಯೆಯನ್ನು ಅರಿಯದೆಯೇ ಪ್ರಯೋಗಿಸಿದವರು.

ಮಗ್ಗವಿಲ್ಲದೆ ಬಟ್ಟೆ ಎಂದಾಗ ಅಜ್ಜ ನಂಬಲಿಲ್ಲ. ನಾನು ಹಾರ್ಮೋನಿಯಂನ ಚೂರನ್ನು ಕೈಯಲ್ಲಿಟ್ಟೆ. ಅವರು ಹೊಸಕಿ ನೋಡಿ, ಎದ್ದು ಹೋಗಿ, ಗೂಟದಲ್ಲಿದ್ದ ತಮ್ಮ ಹಳೆಯ ಕಂಬಳಿಯನ್ನು ತಂದರು. ಕೊಪ್ಪೆ ಹಾಕಿಕೊಂಡು ನೂರಾರು ಮಳೆಗಳಲ್ಲಿ ನಿಂತ ಕಂಬಳಿ. ಹೆಗಲ ಮೇಲೆ ಕೋಲು ಕೂರುವ ಕಡೆ ಮಳೆಯೂ ಬೆವರೂ ತಿಕ್ಕಾಟವೂ ಸೇರಿ ಒಂದು ಅಂಗೈಯಗಲ ಎಳೆಯೇ ಕಾಣದಂತೆ ಮೆತ್ತಿಕೊಂಡಿತ್ತು. "ಇದೇ ಏನವ್ವ?" ಎಂದರು. ಇದೇ ಅದು! ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದದ್ದು ಅವರ ಹೆಗಲ ಮೇಲೆ ನಲವತ್ತು ವರ್ಷದಿಂದ ಇತ್ತು.

ಮೊದಲ ತಿಂಗಳು ನನಗೆ ಸೋಲೇ ಸೋಲು. ಈಗಿನ ಕಾಲದಲ್ಲಿ ಮೊಬೈಲಿನಲ್ಲಿ ನೋಡಿ ಏನನ್ನಾದರೂ ಕಲಿಯಬಹುದು, ನಾನೂ ನೋಡಿದೆ. ಆದರೆ ಅಲ್ಲಿನವರ ಕೈಯಲ್ಲಿರುವುದು ಮೆರಿನೊ ಕುರಿಯ ರೇಷ್ಮೆಯಂಥ ಉಣ್ಣೆ. ನಮ್ಮ ದಖನಿ ಕುರಿಯದು ಒರಟು; ಎಷ್ಟೋ ಕೂದಲುಗಳ ನಡುವೆ ಟೊಳ್ಳು. ಅವು ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ನಾನು ಕಟ್ಟಿದ ಗುಂಡುಗಳು ಒಣಗಿದ ಮೇಲೆ ಮುಳ್ಳುಹಂದಿಯ ಮರಿಗಳಂತೆ ಕೂತಿದ್ದವು. ಉಪಾಯ ಹೇಳಿದವರು ಅಜ್ಜನೇ. ಮರಿಯ ಮೊದಲ ಕತ್ತರಿಯ ಉಣ್ಣೆ ಬಹಳ ಮೃದು. ಹಿಂದೆ ಒಳ್ಳೆಯ ಕಂಬಳಿಗೆ ಅದನ್ನೇ ಎತ್ತಿಡುತ್ತಿದ್ದರಂತೆ. ಅದರಿಂದ ಕೆಲಸ ಕೂಡಿಬಂತು.

ಮಾಡುವ ಕ್ರಮ ಹೀಗೆ. ಉಣ್ಣೆಯಲ್ಲಿ ಜಿಡ್ಡು, ಬೆವರು, ಮಣ್ಣು, ಮುಳ್ಳು ಎಲ್ಲ ಇರುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಜ್ಜದೆ, ಅದ್ದಿ ಅದ್ದಿ ತೆಗೆಯಬೇಕು. ಇಲ್ಲಿ ಉಜ್ಜಿದರೆ ಇಲ್ಲೇ ಫೆಲ್ಟಾಗಿಬಿಡುತ್ತದೆ. ಒಣಗಿದ ಮೇಲೆ ಚೆನ್ನಾಗಿ ಹಿಂಜಬೇಕು. ಮಣಿ ಮಾಡಲು ನೆಲ್ಲಿಕಾಯಿ ಗಾತ್ರದ ಉಣ್ಣೆಯನ್ನು ಸಡಿಲವಾಗಿ ಉಂಡೆ ಸುತ್ತಿ, ಸೋಪು ಕದಡಿದ ಬಿಸಿನೀರಿನಲ್ಲಿ ಅದ್ದಿ, ಎರಡು ಅಂಗೈಗಳ ನಡುವೆ ಹೊರಳಿಸಬೇಕು. ಮೊದಮೊದಲು ಗುಬ್ಬಿಯ ಮೊಟ್ಟೆ ಹಿಡಿದಷ್ಟು ಹಗುರವಾಗಿ. ಆತುರಪಟ್ಟು ಒತ್ತಿದಿರೋ ಒಂದು ಸೀಳು ಬೀಳುತ್ತದೆ. ಅದು ಮತ್ತೆ ಕೂಡುವುದಿಲ್ಲ. ಹೊರಗಿನ ಪದರ ಕೂಡಿಕೊಂಡಿತೆಂದು ಬೆರಳಿಗೆ ತಿಳಿದ ಮೇಲೆ ಬಲ ಹಾಕಬಹುದು. ಹತ್ತು ಹದಿನೈದು ನಿಮಿಷದಲ್ಲಿ ಉಂಡೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಸೋಪು ಹೋಗುವವರೆಗೆ ತೊಳೆದು ನೆರಳಿನಲ್ಲಿ ಒಣಗಿಸಿ, ದಬ್ಬಣದಿಂದ ಚುಚ್ಚಿ ದಾರ ಪೋಣಿಸಿದರೆ ಸರ.

ಓಲೆಗೆ ಬೇಕಾದ ಹಾಳೆಯ ಕೆಲಸ ಇನ್ನೂ ನಿಧಾನದ್ದು. ಹಿಂಜಿದ ಉಣ್ಣೆಯನ್ನು ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ, ಹೀಗೆ ನಾಲ್ಕು ಪದರ ಹರಡಿ, ಮೇಲೆ ಹಳೆಯ ಸೊಳ್ಳೆಪರದೆಯ ಚೂರು ಹೊದಿಸಿ, ಬಿಸಿ ಸೋಪುನೀರು ಚಿಮುಕಿಸಿ ಅಂಗೈಯಿಂದ ಮೆಲ್ಲಗೆ ತಿಕ್ಕಬೇಕು. ಆಮೇಲೆ ಚಾಪೆಯಲ್ಲಿ ಸುತ್ತಿ ನೆಲದ ಮೇಲೆ ಹಿಂದೆ ಮುಂದೆ ಉರುಳಿಸುವುದು. ಮಧ್ಯ ಏಷ್ಯದ ಕುರಿಗಾಹಿಗಳು ದೊಡ್ಡ ಸುರುಳಿಗಳನ್ನು ಹೀಗೆಯೇ ಉರುಳಿಸಿ ಗುಡಾರದ ಗೋಡೆಗಳನ್ನೇ ಮಾಡುತ್ತಾರೆ. ಕಾಶ್ಮೀರದ ನಮ್ದಾ ಎಂಬ ಹಾಸುಗಂಬಳಿಯೂ ಇದರ ದಾಯಾದಿ. ಸೈಬೀರಿಯದ ಆಲ್ತಾಯ್ ಬೆಟ್ಟಗಳಲ್ಲಿ, ನೆಲವೇ ಹೆಪ್ಪುಗಟ್ಟಿರುವ ಎಡೆಯಲ್ಲಿ, 1993ರಲ್ಲಿ ನತಾಲಿಯಾ ಪೋಲೊಸ್ಮಾಕ್ ಎಂಬ ಪುರಾತತ್ತ್ವಜ್ಞೆ ಸುಮಾರು 2500 ವರ್ಷ ಹಿಂದಿನ ತರುಣಿಯೊಬ್ಬಳ ಸಮಾಧಿಯನ್ನು ತೆರೆದರು. ಆಕೆಯ ತಲೆಯ ಮೇಲೆ ಫೆಲ್ಟ್ ಸೇರಿಸಿ ಕಟ್ಟಿದ, ಮೂರಡಿಯಷ್ಟು ಎತ್ತರದ ಮುಡಿ. ಅದರ ಮೇಲೆ ಮರದಲ್ಲಿ ಕೆತ್ತಿ ಚಿನ್ನದ ರೇಕು ಹೊದಿಸಿದ ಪ್ರಾಣಿಗಳು. ಚಿನ್ನದ ರೇಕು ಬೆರಳಲ್ಲಿ ಉಜ್ಜಿದರೆ ಹೋಗುವಷ್ಟು ತೆಳು. ಆ ಕಾಲದ ಸಿರಿವಂತೆಯನ್ನು ಸಾವಿನವರೆಗೂ ಅಲಂಕರಿಸಿದ್ದು ಮುಖ್ಯವಾಗಿ ಉಣ್ಣೆ ಮತ್ತು ಮರ.

ಬಣ್ಣದ ವಿಷಯದಲ್ಲಿ ನಾನು ನಗೆಪಾಟಲಾದೆ. ಕರಿಯ ಉಣ್ಣೆಗೆ ಯಾವ ಬಣ್ಣವೂ ಹತ್ತುವುದಿಲ್ಲ. ಬಣ್ಣ ಬೇಕಾದರೆ ಬಿಳಿಯ ಉಣ್ಣೆಯೇ ಆಗಬೇಕು. ಮಾವನ ಹಿಂಡಿನ ಬಳ್ಳಾರಿ ತಳಿಯ ಕುರಿಯಿಂದ ಒಂದು ಹಿಡಿ ಬಿಳಿ ತಂದು ಅರಿಶಿನದಲ್ಲಿ ಕುದಿಸಿದೆ. ಸೋಪು ಸೋಕಿದೊಡನೆ ಕುಂಕುಮದಂತೆ ಕೆಂಪಾಯಿತು! ಹಿಗ್ಗಿ ಎಲ್ಲರನ್ನೂ ಕರೆದು ತೋರಿಸಿದೆ. ತಣ್ಣೀರಿನಲ್ಲಿ ತೊಳೆದಾಗ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದು ತಿಳಿದಿದ್ದರೂ, ಸೋಪೂ ಕ್ಷಾರವೇ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಉಳಿದ ಹಳದಿಯೂ ಎಂಟು ದಿನದ ಬಿಸಿಲಿಗೆ ಹಾರಿಹೋಯಿತು. ಕೊನೆಗೆ ನಿಂತದ್ದು ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಪಟಿಕ ಹಾಕಿ ಕಾಯಿಸಿದ ಮಾಸಲು ಹಳದಿ.

ಹೇಗಿರಬೇಕು ಓಲೆ ಎಂಬುದರ ಮೇಲೆ ನನಗೂ ಅವ್ವನಿಗೂ ವಾದವಾಯಿತು. ಉಣ್ಣೆ ಉಣ್ಣೆಯ ಹಾಗೆಯೇ ಕಾಣಬೇಕು, ಚಿನ್ನದ ವೇಷ ಹಾಕಬಾರದು, ಕರಿಯ ಬಿಲ್ಲೆಗೆ ಒಂದು ಕವಡೆ ಹೊಲಿದರೆ ಸಾಕು ಎಂಬುದು ನನ್ನ ಮತ. ಈಗಲೂ ಅದೇ ಚೆಂದವೆಂದು ನನ್ನ ಅಭಿಪ್ರಾಯ. ಅವ್ವ ಒಪ್ಪಲಿಲ್ಲ. "ನನ್ನದು ಏಳು ಹರಳಿನದು" ಎಂದಳು. ಕಳೆದುಹೋದ ಓಲೆಯ ಲೆಕ್ಕ ಅವಳಿಗೆ ಮರೆತಿರಲಿಲ್ಲ. ಕರಿಯ ಹಾಳೆಯಿಂದ ಎಂಟಾಣೆ ಬಿಲ್ಲೆಯಷ್ಟು ದುಂಡಗೆ ಎರಡು ಕತ್ತರಿಸಿ, ಗುಲಗಂಜಿಗಿಂತ ಸ್ವಲ್ಪ ದಪ್ಪನಾದ ಹಳದಿ ಗುಂಡುಗಳನ್ನು ನಡುವೆ ಒಂದು, ಸುತ್ತ ಆರು ಇಟ್ಟು ಹೊಲಿದೆ. ಹಿಂದಕ್ಕೆ ಮೊದಲು ಬೇವಿನ ಕಡ್ಡಿಯನ್ನೇ ಕಾಲು ಮಾಡಿ ನೋಡಿದೆ, ನಿಲ್ಲಲಿಲ್ಲ. ಪೇಟೆಯ ಅಕ್ಕಸಾಲಿಗರೊಬ್ಬರು ಬೆಳ್ಳಿಯ ತಿರುಪು ಕೂರಿಸಿಕೊಟ್ಟರು. ಅವರ ತಕ್ಕಡಿಯಲ್ಲಿ ಜೋಡಿಯನ್ನು ತೂಗಿದಾಗ, ತಿರುಪೂ ಸೇರಿ, ನಾಲ್ಕು ಗ್ರಾಂ ತುಂಬಲಿಲ್ಲ. ಹುಳದ ಭಯ ಮಾತ್ರ ಉಂಟು. ಉಣ್ಣೆ ತಿನ್ನುವ ನುಸಿಯ ಮರಿಗಳು ಕತ್ತಲೆಯ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುತ್ತವೆ. ಆಗಾಗ ಬಿಸಿಲು ತೋರಿಸಬೇಕು. ಇಟ್ಟುಕೊಳ್ಳುವುದಕ್ಕಿಂತ ಹಾಕಿಕೊಳ್ಳುವುದೇ ಒಳ್ಳೆಯದು.

ಹೋದ ವೈಶಾಖದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅವ್ವನಿಗೆ ತಲೆನೋವು ಬರಲಿಲ್ಲ. ಊಟದ ಪಂಕ್ತಿಯಲ್ಲಿ ಒಬ್ಬಾಕೆ ಓಲೆಯನ್ನು ಕೈಯಿಂದ ಮುಟ್ಟಿ, "ಎಲ್ಲಿ ಮಾಡಿಸಿದಿರಿ?" ಎಂದು ಆಸೆಯಿಂದ ಕೇಳಿದಳು. ಇನ್ನೊಬ್ಬಾಕೆ ಹತ್ತಿರ ಬಗ್ಗಿ ನೋಡಿ, "ಅಯ್ಯೋ, ಕುರಿಕೂದಲು!" ಎಂದು ಪಕ್ಕದವಳ ಕಡೆ ತಿರುಗಿದಳು. ನನ್ನ ಮುಖ ಬೆಂಕಿಯಾಯಿತು. ಅವ್ವ ಎಲೆಯ ಮೇಲಿನ ಹೋಳಿಗೆಯನ್ನು ಮುರಿಯುತ್ತ, "ಹೂನವ್ವ, ಕುರಿಕೂದಲೇ. ಇದನ್ನು ಯಾರೂ ಒತ್ತೆ ಇಟ್ಟುಕೊಳ್ಳುವುದಿಲ್ಲ" ಎಂದಳು. ಪಂಕ್ತಿಯೆಲ್ಲ ನಕ್ಕಿತು.

ಆ ಮಾತಿಗೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡಲಾರೆ. ಬಿತ್ತನೆಗೆ ಬೀಜ ಬೇಕಾದಾಗ, ಮಗುವಿಗೆ ಜ್ವರ ಬಂದಾಗ, ಹೆಂಗಸಿನ ಕೈಗೆ ತಟ್ಟನೆ ಹಣವಾಗಿ ಒದಗುವುದು ಅವಳ ಚಿನ್ನವೊಂದೇ. ಉಣ್ಣೆಯ ಓಲೆ ಕಿವಿಗೆ ಒಪ್ಪಬಹುದು, ಆಪತ್ತಿಗೆ ಒದಗದು. ಇದನ್ನು ಮಾರಿ ಓದಿನ ಖರ್ಚು ತೂಗಿಸುತ್ತೇನೆಂದು ನಾನು ಹೊರಟಾಗ, ಕೂತು ಲೆಕ್ಕ ಹಾಕಿ ನೋಡಿದೆ. ಒಂದು ಜೋಡಿಗೆ ಎರಡು ಸಂಜೆ ಹಿಡಿಯುತ್ತದೆ. ಕಾಲೇಜಿನ ಗೆಳತಿಯರು ಒಂಬತ್ತು ಜೋಡಿ ಕೊಂಡರು. ಆ ಹಣದಲ್ಲಿ ನನ್ನ ಪರೀಕ್ಷೆಯ ಶುಲ್ಕ ಕಟ್ಟಿದೆ, ಅಷ್ಟೆ. ಅವರಲ್ಲಿ ಮೂವರು ಕವಡೆಯದನ್ನೇ ಆರಿಸಿದರೆಂಬುದನ್ನು ಅವ್ವನಿಗೆ ಎರಡು ಸಲ ಹೇಳಿದ್ದೇನೆ.

ಈ ಸಲ ಉಣ್ಣೆ ಕತ್ತರಿಸುವ ದಿನ ನಾನು ತರಗತಿಯಲ್ಲಿದ್ದೆ. ಸಂಜೆ ಮನೆಗೆ ಹೋದಾಗ ಹಿಂಡೆಲ್ಲ ಬೋಳುಮೈಯಾಗಿ ಹಟ್ಟಿಯ ಮುಂದೆ ನಿಂತಿತ್ತು. ಅಜ್ಜ ಪಡಸಾಲೆಯಲ್ಲಿ ಕೂತು, ಮರಿಗಳ ಉಣ್ಣೆಯನ್ನು ಬೇರೆ ಮಾಡಿ, ಮುಳ್ಳು ಆರಿಸುತ್ತಿದ್ದರು. ಕರಿಯದು ಒಂದು ಗಂಟು, ಕಂದು ಒಂದು ಗಂಟು, ಬಿಳಿ ಒಂದು ಚಿಕ್ಕ ಗಂಟು. ಗೊಬ್ಬರದ ಗುಂಡಿಯ ಕಡೆ ಎರಡು ಚೀಲ ಆಗಲೇ ಹೋಗಿತ್ತು. ನನ್ನನ್ನು ಕಂಡು ತಲೆಯೆತ್ತದೆ, "ಬಿಳಿ ಕಡಮೆ ಬಂತು. ನೋಡಿಕೊಂಡು ಖರ್ಚು ಮಾಡು" ಎಂದರು.